ಹಗಲು ಹೊತ್ತಿನ ಫ್ಯಾನ್

ಮೇಲೂರು
ಮೇ ೧೪

ಯಾಮಿನಿ ಅಕ್ಕನಿಗೆ ಶಿರೀಷಾಳ ನಮಸ್ಕಾರ.

ಅತ್ತೆಯವರನ್ನು ಮಣ್ಣು ಮಾಡಿದ ದಿನ ನೀವು ಬಂದಿದ್ದಾಗ ಈ ಮಾತು ನನಗೇ ಗೊತ್ತಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ತಮ್ಮ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಉಚಿತ ಯೂನಿಟ್ ಮೀರಿ ಕರೆಂಟ್ ಬಿಲ್ ಬಂದಿತ್ತು. ನಾನು ಅಡುಗೆಮನೆಯಲ್ಲಿ ನಿಮ್ಮ ತಮ್ಮನಿಗೆ, "ಹಗಲೆಲ್ಲಾ ಫ್ಯಾನ್ ಹಾಕ್ಕೊಂಡೇ ಇದ್ರೆ ಎಲ್ಲಿಂದ ತಂದು ಕಟ್ಟಣ?" ಅಂದೆ. ಹಗಲು ಮನೆಯಲ್ಲಿರುತ್ತಿದ್ದವರು ಅತ್ತೆ ಒಬ್ಬರೇ. ಅವರಿಗೆ ಕೇಳಿಸಿತೆಂದು ನನಗೆ ತಿಳಿಯಲಿಲ್ಲ.

ಆವತ್ತಿನಿಂದ ನಾನು ಕೆಲಸಕ್ಕೆ ಹೋದ ಕೂಡಲೇ ಅವರು ಫ್ಯಾನ್ ಆರಿಸಿ, ನಾನು ಬರುವ ಹೊತ್ತಿಗೆ ಮತ್ತೆ ಹಾಕುತ್ತಿದ್ದರಂತೆ. ಪಕ್ಕದ ಮನೆಯ ವರಲಕ್ಷ್ಮಮ್ಮ ಮೊನ್ನೆ ಹೇಳಿದರು. "ಶೀಟ್ ಮನೆ ಕಾದೋಗೈತೆ, ಫ್ಯಾನ್ ಹಾಕ್ಕೊಳಮ್ಮ" ಎಂದು ಅವರು ಅಂದರೆ, ಅತ್ತೆ, "ನಮ್ ಶಿರೀಷಾ ದುಡಿದೂ ದುಡಿದೂ ಸಾಕಾಗಿದಾಳೆ ಕಣಮ್ಮ, ನಂಗೇನು ಸೆಕೆ ಆಗಲ್ಲ" ಎನ್ನುತ್ತಿದ್ದರಂತೆ.

ಆ ಗುರುವಾರ ನಾನು ಬಂದಾಗ ಫ್ಯಾನ್ ನಿಂತಿತ್ತು. ಕರೆಂಟ್ ಹೋಗಿದೆ ಅಂದುಕೊಂಡೆ. ಅತ್ತೆ ನೆಲದ ಮೇಲೆ ಬಿದ್ದಿದ್ದರು, ಮೈ ಸುಡುತ್ತಿತ್ತು. ಸೆಕೆ ತಡೆಯಲಾರದೆ ತೀರಿಹೋದರೆಂದು ಡಾಕ್ಟರ್ ಹೇಳಿದ್ದು ನಿಮಗೂ ಗೊತ್ತು. ಫ್ಯಾನಿನ ವಿಷಯ ನಮ್ಮ ಮನೆಯವರಿಗೆ ಯಾರಿಗೂ ಗೊತ್ತಿಲ್ಲ.

ನಿಮ್ಮ ತಮ್ಮನಿಗೂ ನಾನಿನ್ನೂ ಹೇಳಿಲ್ಲ. ತಿಥಿಗೆ ಒಂದು ದಿನ ಮುಂಚೆಯೇ ಬನ್ನಿ, ಅಕ್ಕ. ನಿಮ್ಮೆದುರಿಗೆ ಹೇಳುತ್ತೇನೆ. ನನ್ನನ್ನು ಬೈಯುವುದಿದ್ದರೆ ಬೈಯಿರಿ. ಆದರೆ ಅವರಿಗೆ ಹೇಳುವಾಗ ನನ್ನ ಪಕ್ಕದಲ್ಲಿ ಕೂತಿರಿ.

ನಿಮ್ಮ ದಾರಿ ಕಾಯುವ,
ಶಿರೀಷಾ