ಡಿವಿಡಿ ತಟ್ಟೆಗೆ ಹಚ್ಚಿದ ಕುಂಕುಮ

ದೋಣಿಮಲೈ
೧೮ ನವೆಂಬರ್ ೨೦೦೭, ಭಾನುವಾರ

ಮೆಟ್ರಿಯ ತವರುಮನೆಯಲ್ಲಿ ಮುಖ ಊದಿಸಿಕೊಂಡು ಕುಳಿತಿರುವ ನನ್ನ ಚಿಗವ್ವ ಬಸಕ್ಕಗೆ, ಪಂಪಿ ಮಾಡುವ ಶರಣು.

ಅಕ್ಷರ ಯಾಕೆ ಇಷ್ಟು ದೊಡ್ಡದಾಗಿ ಬರೆದಿದ್ದೇನೆ ಅಂದರೆ, ನಿನ್ನ ಕನ್ನಡಕ ಇಲ್ಲೇ ಕಂಪ್ಯೂಟರಿನ ಪಕ್ಕ ಬಿದ್ದಿದೆ. ಅಂಚೆಯಲ್ಲಿ ಕಳಿಸಬಹುದಿತ್ತು. ಕಳಿಸುವುದಿಲ್ಲ. ಬೇಕಾದರೆ ನೀನೇ ಬಂದು ತೆಗೆದುಕೋ. ಈ ಕಾಗದವನ್ನು ಉಚ್ಚೆಂಗಪ್ಪ ಮಾವನ ಕೈಲಿ ಓದಿಸಬೇಡ, ಅವನು ಇಡೀ ಓಣಿಗೆ ಕೇಳುವ ಹಾಗೆ ಓದುತ್ತಾನೆ. ಅಂಗಳದ ಬಿಸಿಲಿಗೆ ಹಿಡಿದುಕೊಂಡು ನೀನೇ ಓದು. ಬರೆಯಲು ಕುಳಿತರೆ ನನಗೆ ಶಾಲೆಯ ಕನ್ನಡ ಬಂದುಬಿಡುತ್ತದೆ, ನಗಬೇಡ. ನಿನ್ನ ಮಾತುಗಳನ್ನು ಮಾತ್ರ ನೀನು ಆಡಿದ ಹಾಗೇ ಬರೆಯುತ್ತೇನೆ.

ನೀನು ಹೋಗಿ ಹದಿಮೂರು ದಿನ ಆಯಿತು. "ಭತ್ತದ ಕೊಯ್ಲು ಬಂತು, ಅಣ್ಣಗ ಒಬ್ಬಗ ಆಗಂಗಿಲ್ಲ" ಅಂತ ಹೇಳಿ ಹೋದೆ. ಅಲ್ಲಿ ಕೊಯ್ಯುವುದು ಮಷೀನು. ಎರಡು ತಾಸಿನಲ್ಲಿ ಗದ್ದೆ ಖಾಲಿ ಮಾಡಿ ಹೋಗುವ ಮಷೀನಿಗೆ ನೀನು ಏನು ಸಹಾಯ ಮಾಡುತ್ತೀ, ಹೇಳು ನೋಡೋಣ. ದೀಪಾವಳಿಗೂ ಬರಲಿಲ್ಲ. ನಾನು ಒಬ್ಬಳೇ ಎರಡು ಹಣತೆ ಹಚ್ಚಿಟ್ಟು, ಹೋಳಿಗೆ ಮಾಡಲಾರದೆ ಅನ್ನ ಸಾರು ಉಂಡು ಮಲಗಿದೆ. ನೀನು ಯಾಕೆ ಹೋದೆ ಅನ್ನುವುದು ಅವತ್ತು ಹೊಳೆಯಿತು. ಆ ಸಿನಿಮಾ ನೋಡುವಾಗ ನಾನು ಆಡಿದ ಒಂದು ಮಾತಿಗೆ ಹೋದೆ. ನಿನ್ನನ್ನು ವಾಪಸು ಕರೆಯಲಿಕ್ಕೇ ಈ ಕಾಗದ, ಬೇರೆ ಸುದ್ದಿ ಏನೂ ಇಲ್ಲ.

ಮೊದಲಿಂದ ಹೇಳುತ್ತೇನೆ, ನೀನು ನಡುವೆ ಬಾಯಿ ಹಾಕುವಂತಿಲ್ಲ.

ನನ್ನ ಹಡೆದವಳ ಮುಖ ನಾನು ನೋಡಿಲ್ಲ. ನಿನ್ನ ಅಕ್ಕ ಹಂಪಮ್ಮ ತೀರಿಕೊಂಡಾಗ ನನಗೆ ಒಂದೂವರೆ ವರ್ಷ. ಒಂದು ಫೋಟೋ ಇರಲಿಲ್ಲ. ಅಪ್ಪ ನಿನ್ನನ್ನು ಮದುವೆಯಾದ, ತಾನು ಬದುಕಿರುವವರೆಗೂ ಆಕೆಯ ಹೆಸರು ಮನೆಯಲ್ಲಿ ಎತ್ತಲಿಲ್ಲ. ಎತ್ತುತ್ತಿದ್ದವಳು ನೀನೊಬ್ಬಳೇ. ಅಡುಗೆ ಮನೆಯಲ್ಲಿ ಸಣ್ಣ ದನಿಯಲ್ಲಿ ಆ ಹಂಪಿಯ ಕಥೆಯನ್ನು ಎಷ್ಟು ಸಲ ಹೇಳಿದ್ದೀ. ಯಾವುದೋ ಸಿನಿಮಾದವರು ಹಂಪಿಗೆ ಬಂದದ್ದು, ಬಜಾರಿನ ಗದ್ದಲ ತೋರಿಸಲು ಸುತ್ತಲ ಊರಿನ ಹೆಂಗಸರನ್ನು ಲಾರಿಯಲ್ಲಿ ಕರೆದುಕೊಂಡು ಹೋದದ್ದು, ಅಪ್ಪನಿಗೆ ಹೇಳದೆ ನೀವು ಅಕ್ಕತಂಗಿಯರು ಆ ಲಾರಿ ಹತ್ತಿದ್ದು, ಅವ್ವನ ತಲೆ ಮೇಲೆ ತಾಮ್ರದ ಕೊಡ ಇಟ್ಟು ನಡೆಸಿದ್ದು. "ನೀ ಎಲ್ಲಿದ್ದಿ ಚಿಗವ್ವ?" ಅಂತ ಕೇಳಿದರೆ, "ನಿನ್ನ ಎತ್ತಿಕೊಂಡು ಎಲ್ಲೋ ಹಿಂದ ಇದ್ದೆ. ನಾ ಎಲ್ಲಿ ಬೀಳ್ತೀನಿ ಅದ್ರಾಗ" ಅನ್ನುತ್ತಿದ್ದೆ. ಆಗ ನಿನಗೆ ಹದಿನಾರು, ನನಗೆ ಎಂಟು ತಿಂಗಳು. ಆ ಸಿನಿಮಾ ಕಂಪ್ಲಿಯ ಟೆಂಟಿಗೆ ಬರುವ ಹೊತ್ತಿಗೆ ಅವ್ವ ಇರಲಿಲ್ಲ. ಹೊಸ ಮದುವಣಗಿತ್ತಿ ನೀನು, ನಿನ್ನನ್ನು ಯಾರು ಕಳಿಸಬೇಕು.

ಮೂವತ್ತೈದು ವರ್ಷದ ಮೇಲೆ ದಸರಾ ರಜೆಯಲ್ಲಿ ಹೊಸಪೇಟೆಯ ಅಂಗಡಿಯಲ್ಲಿ ಅದರ ಡಿವಿಡಿ ಸಿಕ್ಕಿತು. ಮನೆಗೆ ತಂದು ನಿನಗೆ ತೋರಿಸಿದರೆ ನೀನು ಆ ಡಬ್ಬಿಯನ್ನು ಸೆರಗಿನಿಂದ ಒರೆಸಿ ಜಗಲಿಯ ಮೇಲೆ ದೇವರ ಹತ್ತಿರ ಇಟ್ಟೆ. "ಹಾಕು ಹಾಕು, ಜಲ್ದಿ ಹಾಕು" ಅಂತ ಅವಸರ ಮಾಡಿದವಳೂ ನೀನೇ.

ಹಾಕಿದೆ. ಕಂಪ್ಯೂಟರಿನಲ್ಲಿ ಡಿಸ್ಕಿನ ಚಿತ್ರ ಬಂತು, ಹೆಸರು ಬಂತು, ಸಿನಿಮಾ ಮಾತ್ರ ಬರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರು ಮಧ್ವೇಶರನ್ನು ಕರೆದೆವು. ಆ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವರು ಅವರೇ. ಊರೆಲ್ಲ ಕದ್ದ ವಿಂಡೋಸ್ ಹಾಕಿಕೊಂಡು ಆರಾಮಾಗಿ ಇದ್ದರೆ, ಈ ಮನುಷ್ಯ "ಕದ್ದ ಮಾಲು ಬೇಡ್ರಿ ಟೀಚರ್, ಇದು ಪುಕ್ಕಟೆ, ಅಂಚೆಯಲ್ಲಿ ಮನೆಗೇ ಕಳಿಸ್ತಾರೆ" ಅಂತ ಬೇಸಿಗೆಯಲ್ಲಿ ಸಿಡಿ ತಂದು ಹಾಕಿದ್ದರು. ಸಂಜೆ ಬಂದು, ನಿನ್ನ ಕೈಯ ಮಂಡಕ್ಕಿ ತಿಂದು, ಕಪ್ಪು ಪರದೆ ತೆರೆದು ಏನೇನೋ ಟೈಪು ಮಾಡಿ ಹೇಳಿದರು: ಈ ಡಿಸ್ಕಿಗೆ ಕಂಪನಿಯವರು ಬೀಗ ಹಾಕಿದ್ದಾರೆ. ಬೀಗ ತೆಗೆಯುವ ಸಣ್ಣ ಸಾಫ್ಟ್‌ವೇರು ಇದೆ, ಆದರೆ ಲಿನಕ್ಸಿನ ಜತೆ ಅದನ್ನು ಕೊಡುವುದಿಲ್ಲ. ಕೆಲವು ದೇಶದಲ್ಲಿ ಆ ಬೀಗ ತೆಗೆಯುವುದೇ ತಪ್ಪು. ಆದ್ದರಿಂದ ಅವರು ಸ್ವಲ್ಪ ವಿಚಾರ ಮಾಡಬೇಕು.

ಮಾಸ್ತರು ಮೂರು ದಿನ ವಿಚಾರ ಮಾಡಿದರು. ಕೆಳಗೆ ಸಂಡೂರು ರಸ್ತೆಯಲ್ಲಿ ಹಗಲೆಲ್ಲ ಅದಿರು ಲಾರಿಗಳು ತುಂಬಿ ತುಳುಕಿಸಿಕೊಂಡು ಹೋಗುತ್ತಿವೆ, ಯಾವುದಕ್ಕೆ ಪರವಾನಗಿ ಇದೆ ಯಾವುದಕ್ಕಿಲ್ಲ ಯಾರೂ ಕೇಳುವವರಿಲ್ಲ. ಇಲ್ಲಿ ಒಬ್ಬ ಮಾಸ್ತರು ಒಂದು ಸಿನಿಮಾದ ಬೀಗಕ್ಕೆ ಊಟ ಬಿಟ್ಟು ಕೂತಿದ್ದಾರೆ. ನನಗೆ ಸಿಟ್ಟು ತಲೆಗೇರಿತ್ತು. ನಾಲ್ಕನೇ ದಿನ ನೀನು ಅವರನ್ನು ನಿಲ್ಲಿಸಿ ಕೇಳಿದೆಯಲ್ಲ, ಅದು ಈಗಲೂ ಸ್ಟಾಫ್ ರೂಮಿನಲ್ಲಿ ಓಡಾಡುತ್ತಿದೆ. "ಕುಂದ್ರಿ ಮಾಸ್ತರ. ಪೆಟಗಿ ನಾವು ರೊಕ್ಕ ಕೊಟ್ಟು ತಂದೀವಿ ಹೌದಿಲ್ಲೋ? ಒಳಗ ಇರಾಕಿ ನಮ್ಮಕ್ಕ ಹೌದಿಲ್ಲೋ? ಅಂದಮ್ಯಾಲೆ ನಾವು ಯಾರ ಮನಿ ಬೀಗ ಒಡಿಯಾಕ ಹೊಂಟೀವಿ?" ಮರುದಿನ ಮಾಸ್ತರು ಇಂಟರ್ನೆಟ್ ಸೆಂಟರಿಗೆ ಅಂತ ಹೊಸಪೇಟೆಗೆ ಹೋದರು, ಲಾರಿಗಳ ಸಾಲಿನಲ್ಲಿ ಸಿಕ್ಕಿ ಐದು ತಾಸಿಗೆ ಮುಟ್ಟಿ, ಆ ಸಾಫ್ಟ್‌ವೇರನ್ನು ಪೆನ್ ಡ್ರೈವಿನಲ್ಲಿ ತಂದರು.

ಬೀಗ ತೆರೆಯಿತು. ಹೆಸರುಗಳು ಬಂದವು, ಸಂಗೀತ ಬಂತು, ನೀನು ಚಪ್ಪಾಳೆ ತಟ್ಟಿದೆ. ಮೂರನೇ ನಿಮಿಷಕ್ಕೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಮತ್ತೆ ಹಾಕಿದರೆ ಮತ್ತೆ ಅಲ್ಲೇ. ಕಂಪ್ಯೂಟರು ಡಿಸ್ಕಿನಿಂದ ನಿಧಾನ ಓದುತ್ತಿದೆ ಅಂತ ಮಾಸ್ತರು ಒಂದು ಸೆಟ್ಟಿಂಗು ಬದಲಿಸಿದರು. ಆಗಲಿಲ್ಲ. ನನ್ನ ಗಣಿತದ ತಲೆ ಒಂದೇ ಪ್ರಶ್ನೆ ಕೇಳುತ್ತಿತ್ತು: ಬೇಸಿಗೆಯಲ್ಲಿ ಲಿನಕ್ಸಿನ ಸಿಡಿಯನ್ನು ಸಲೀಸಾಗಿ ಓದಿದ ಡ್ರೈವು ಈಗ ಯಾಕೆ ಓದುತ್ತಿಲ್ಲ, ನಡುವೆ ಏನಾಯಿತು? ನಾನು ಇದನ್ನು ಗಟ್ಟಿಯಾಗಿ ಕೇಳಿದಾಗ ನೀನು ಎದ್ದು ಒಲೆಯ ಹತ್ತಿರ ಹೋದೆ. ನನಗೆ ಆಗಲೇ ಗೊತ್ತಾಗಬೇಕಿತ್ತು.

ಕಡೆಗೆ ಮಾಸ್ತರು ಡ್ರೈವನ್ನು ಹೊರಗೆ ತೆಗೆದು ಸ್ಕ್ರೂ ಬಿಚ್ಚಿದರು. ಒಳಗೆ ಕೆಂಪು ಧೂಳು. "ನೋಡಿದ್ರಾ ಟೀಚರ್, ಗಣಿ ಇಲ್ಲಿಗೂ ಬಂತು" ಅಂತ ಶುರು ಮಾಡಿದರು. ನಮ್ಮ ತುಳಸಿ ಕೆಂಪು, ಒಣಗಿಸಿದ ಬಟ್ಟೆ ಕೆಂಪು, ಮೂಗು ಒರೆಸಿದರೆ ಕರವಸ್ತ್ರ ಕೆಂಪು, ಇನ್ನು ಡಿವಿಡಿ ಡ್ರೈವಿನದೇನು ಅಂತ ನಾನೂ ತಲೆಯಾಡಿಸಿದೆ. ಲಾರಿ ಮಾಲೀಕರಿಗೆ, ಸರ್ಕಾರಕ್ಕೆ ಇಬ್ಬರೂ ಸೇರಿ ಹತ್ತು ನಿಮಿಷ ಬೈದೆವು. ಆಮೇಲೆ ಮಾಸ್ತರು ಬೆರಳನ್ನು ಮೂಗಿನ ಹತ್ತಿರ ಒಯ್ದರು. "ಇದು ಅದಿರಲ್ಲ. ವಾಸನೆ ಬರ್ತದಲ್ಲ" ಅಂದರು. ಇನ್ನೂ ಸ್ವಲ್ಪ ಒರೆಸಿದರೆ ಬಿಳಿ ಪುಡಿ ಸಿಕ್ಕಿತು. ಚಕ್ರದ ಅಡಿಗೆ ಒಣಗಿದ ಚೆಂಡು ಹೂವಿನ ಎಸಳು ಸಿಕ್ಕಿತು.

ನಾವಿಬ್ಬರೂ ನಿನ್ನ ಕಡೆ ನೋಡಿದೆವು. ನೀನು ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನ ತುದಿ ತಿರುವುತ್ತ ನಿಂತಿದ್ದೆ.

"ಆಯುಧ ಪೂಜಿ ದಿನ ಎಲ್ಲಾದಕ್ಕೂ ಮಾಡಿದೆ. ಇಳಗಿಮಣಿಗೆ, ಮಿಕ್ಸಿಗೆ, ಹೊಲಿಗಿ ಮಷೀನಿಗೆ. ಇದರ ಬಟನ್ ಒತ್ತಿದೆ, ತಾನ ಒಂದು ಸಣ್ಣ ತಟ್ಟಿ ಮುಂದ ಚಾಚಿತು. ಕೈ ಚಾಚಿದ್ದಕ್ಕ ಹಂಗ ಹೆಂಗ ಕಳಸ್ಲಿ? ವಿಭೂತಿ ಹಚ್ಚಿದೆ, ಕುಂಕುಮ ಇಟ್ಟೆ, ಹೂವು ಏರಿಸಿದೆ. ಒಳಗ ತಗೊಂತು."

ಮಾಸ್ತರು ಸ್ಕ್ರೂಡ್ರೈವರ್ ಕೆಳಗಿಟ್ಟು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ನಕ್ಕಿದ್ದೆನೋ ಬೈದಿದ್ದೆನೋ ನೆನಪಿಲ್ಲ, ಎರಡೂ ಮಾಡಿರಬೇಕು. ಅವರು ಹತ್ತಿಗೆ ಸ್ಪಿರಿಟ್ ಹಚ್ಚಿ ಒಳಗಿನ ಸಣ್ಣ ಗಾಜಿನ ಕಣ್ಣನ್ನು ಒರೆಸಿ ಮುಚ್ಚಿಕೊಟ್ಟರು. ಮರುದಿನ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಇಬ್ಬರೂ ಕುಳಿತೆವು.

ಇನ್ನು ಮುಂದಿನದು ಬರೆಯಲು ನನಗೆ ಕಷ್ಟವಾಗುತ್ತದೆ.

ಅರ್ಧ ಸಿನಿಮಾ ಆದ ಮೇಲೆ ಬಜಾರು ಬಂತು. ಕಲ್ಲಿನ ಕಂಬಗಳ ಸಾಲು, ನೂರಾರು ಜನ, ಕುದುರೆ ಮೇಲೆ ರಾಜನ ವೇಷದ ನಟ. ನೀನು ಬೆರಳು ಚಾಚಿ ಹೇಳಿದೆ: "ಅಗೋ. ಅಕೀನ. ಕೊಡ ಹೊತ್ತಾಕಿ." ಎಡದಿಂದ ಬಂದಳು, ನಡೆದಳು, ಕುದುರೆಯನ್ನು ನೋಡಿ ನಕ್ಕಳು, ಹೋದಳು. ನಾಲ್ಕು ಸೆಕೆಂಡು. ಹಲ್ಲು ನನ್ನವೇ. ನಾನು ಪರದೆಗೆ ಕೈ ಹಚ್ಚಿ "ಅವ್ವಾ" ಅಂದೆ. ಎಷ್ಟು ಸಲ ಅಂದೆನೋ ನನಗೆ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದಿಲ್ಲ. ನನಗೆ ಐದು ವರ್ಷ ಇದ್ದಾಗ ಹಿತ್ತಲಲ್ಲಿ ಒಮ್ಮೆ ನಿನ್ನನ್ನು ಅವ್ವ ಅಂತ ಕರೆದಿದ್ದೆ. ನೀನು ಕೈಯಲ್ಲಿದ್ದ ಬಟ್ಟೆ ಬಿಟ್ಟು ಬಂದು, ನನ್ನೆದುರು ಕುಕ್ಕರಗಾಲಲ್ಲಿ ಕುಳಿತು ಹೇಳಿದೆ, "ಅದು ಅಕ್ಕನ ಮಾತು. ಅದನ್ನ ನಾ ತಗೊಳ್ಳಂಗಿಲ್ಲ. ನನಗ ಚಿಗವ್ವ ಅನ್ನು." ಅವತ್ತಿನಿಂದ ಅಂದದ್ದೇ ಇಲ್ಲ. ನಿನಗೆ ಮಕ್ಕಳಾಗಲಿಲ್ಲ, ಆ ಮಾತು ನಿನ್ನ ಕಿವಿಗೆ ಬೇರೆ ಎಲ್ಲಿಂದಲೂ ಬೀಳಲಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ನಿನ್ನ ಪಕ್ಕದಲ್ಲೇ ಕುಳಿತು, ನಿನ್ನ ಮುಖ ಒಮ್ಮೆಯೂ ನೋಡದೆ, ಪರದೆಗೆ ಅವ್ವಾ ಅವ್ವಾ ಅಂದೆ. ನೀನು ಯಾವಾಗ ಎದ್ದೆಯೋ, ಕನ್ನಡಕ ಯಾವಾಗ ತೆಗೆದಿಟ್ಟೆಯೋ ನೋಡಲಿಲ್ಲ. ಮರುದಿನ ಗಂಟು ಹಿಡಿದು ಹೊರಟಾಗಲೂ ನಾನು ಆ ನಾಲ್ಕು ಸೆಕೆಂಡಿನಲ್ಲೇ ಇದ್ದೆ. "ನನ್ನ ಕೆಲಸ ಮುಗೀತವ್ವ" ಅಂದದ್ದು ಮಾತ್ರ ಕಿವಿಗೆ ಬಿತ್ತು. ಅಡುಗೆ ಮನೆಯ ಕೆಲಸ ಅಂದುಕೊಂಡೆ. ನನ್ನಂಥ ದಡ್ಡಿ ಇಲ್ಲ.

ಈಗ ನಿನ್ನೆಯ ಸುದ್ದಿ. ಮಾಸ್ತರು ಒಂದು ಹೊಸ ವಿದ್ಯೆ ಕಲಿಸಿದರು. ಕೀಬೋರ್ಡಿನಲ್ಲಿ ಚುಕ್ಕೆಯ ಬಟನ್ ಒತ್ತಿದರೆ ಸಿನಿಮಾ ಒಂದೊಂದೇ ಚಿತ್ರ ಮುಂದಕ್ಕೆ ಹೋಗುತ್ತದೆ. ನಾಲ್ಕು ಸೆಕೆಂಡು ಅಂದರೆ ನೂರು ಚಿತ್ರ. ಒಂದೊಂದಾಗಿ ನೋಡಿದೆ. ಅವ್ವನನ್ನು ನೋಡಲೆಂದೇ ಕುಳಿತದ್ದು. ಅರವತ್ತನೆಯದೋ ಎಪ್ಪತ್ತನೆಯದೋ ಚಿತ್ರದಲ್ಲಿ, ಅವ್ವನ ಕೊಡದ ಹಿಂದೆ, ಕಂಬಕ್ಕೆ ಒರಗಿ ಒಂದು ಹುಡುಗಿ ನಿಂತಿದ್ದಾಳೆ. ತೆಳ್ಳಗೆ, ಎರಡು ಜಡೆ, ಟೊಂಕದ ಮೇಲೆ ಕೂಸು. ಕುದುರೆ ಎಬ್ಬಿಸಿದ ಧೂಳು ಬಡಿಯದ ಹಾಗೆ ಕೂಸಿನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು ಮೇಲೆ ಅಂಗೈ ಮುಚ್ಚಿದ್ದಾಳೆ.

ಎಲ್ಲರೂ ಕುದುರೆಯನ್ನೇ ನೋಡಬೇಕು, ಬೇರೆ ಕಡೆ ನೋಡಿದವರಿಗೆ ಊಟ ಇಲ್ಲ ಅಂತ ಸಿನಿಮಾದವರು ಹೇಳಿದ್ದರು ಅಂತ ನೀನೇ ಹೇಳುತ್ತಿದ್ದೆ. ನೂರು ಚಿತ್ರವನ್ನೂ ನೋಡಿದೆ ಚಿಗವ್ವ. ಆ ಇಡೀ ಬಜಾರಿನಲ್ಲಿ ಕುದುರೆಯನ್ನು ನೋಡದವಳು ನೀನೊಬ್ಬಳೇ. ನೀನು ನನ್ನನ್ನು ನೋಡುತ್ತಿದ್ದೀ.

ಅವತ್ತು ಇದು ನಿನ್ನ ಕಣ್ಣಿಗೂ ಬಿದ್ದಿತ್ತಾ? ಬಿದ್ದೂ ಸುಮ್ಮನಿದ್ದೆಯಾ? "ನಾ ಎಲ್ಲಿ ಬೀಳ್ತೀನಿ ಅದ್ರಾಗ" ಅಂದೆಯಲ್ಲ. ಬಿದ್ದೀದಿ. ಬಂದು ನೋಡು, ಅದಕ್ಕೇ ಕನ್ನಡಕ ಇಲ್ಲಿ ಇಟ್ಟುಕೊಂಡಿದ್ದೇನೆ.

ಅವ್ವಾ, ಸಾಕು ಬಾ. ಶಾಲಿ ಕನ್ನಡ ಇಲ್ಲಿಗೆ ಮುಗೀತು, ಇನ್ನ ನನ್ನ ಕೈಲಿ ಆಗಂಗಿಲ್ಲ. ನಿನ್ನಕ್ಕನ ಮಾತು ಇಷ್ಟು ವರ್ಷ ಜ್ವಾಪಾನ ಮಾಡಿ ಇಟ್ಟಿ, ಮೊನ್ನಿ ಆಕಿಗೆ ಮುಟ್ಟಿಸಿದಿ. ನಿನ್ನ ಆ ಕೆಲಸ ಮುಗೀತು, ಒಪ್ಪಿದೆ. ಆಕಿ ನಕ್ಕೊಂತ ನಡಕೊಂತ ಹೋದಳು, ಆಕಿ ಮ್ಯಾಲೆ ನನಗ ಪ್ರೀತಿ ಕಡಿಮಿ ಆಗಿಲ್ಲ. ಆದರ ಆ ಮಾತು ಇಬ್ಬರಿಗೂ ಸಾಲ್ತದ. ಬ್ಯಾಡ ಅಂದ್ರೂ ನಾ ಇನ್ನ ಬಿಡಂಗಿಲ್ಲ. ಮುಂದಿನ ಐತವಾರ ಮುಂಜಾನೆ ಬಸ್ಸಿಗೆ ಹೊಸಪೇಟಿಗೆ ಬಂದು, ಕಂಪ್ಲಿ ಬಸ್ಸು ಹಿಡಿದು ಮೆಟ್ರಿಗೆ ಬರ್ತೀನಿ. ಗಂಟು ಕಟ್ಟಿ ಇಟ್ಕೊ. ಬರೂ ವರ್ಷ ಆಯುಧ ಪೂಜಿನೂ ಮಾಡು, ಕಂಪ್ಯೂಟರಿಗೆ ಹಾರನೂ ಹಾಕು, ಡಿವಿಡಿ ತಟ್ಟಿ ಒಂದು ಬಿಟ್ಟು.

ಹಿರೇರಿಗೆ ಬರೆಯೋ ಕಾಗದದಾಗ ಕಡಿಗೆ ಆಶೀರ್ವಾದ ಬೇಡ್ತಾರ. ನಾ ಬೇಡಂಗಿಲ್ಲ. ನಿನ್ನಿಯಿಂದ ಆ ಚಿತ್ರ ಹಂಗ ನಿಲ್ಲಿಸಿ ಇಟ್ಟೀನಿ. ನಿನ್ನ ಕೈ ಇನ್ನೂ ನನ್ನ ತಲಿ ಮ್ಯಾಲೆ ಐತಿ.

ನಿನ್ನ ಮಗಳು,
ಪಂಪಿ