ಹುರಿದಿಟ್ಟ ಪುಡಿ

ಆಗಸ್ಟ್ 3, ಶನಿವಾರ, ಕಂಪ್ಲಿ

ಇವತ್ತೂ ಹೊಂಡದ ಮೀನಿಗೆ ಅದೇ ಮೇವು. ತೌಡು, ಶೇಂಗಾ ಹಿಂಡಿ, ಸೋಯಾ — ನಮ್ಮ ಅಕ್ಕಿ ಗಿರಣಿಯ ಮಷಿನ್‌ನಲ್ಲಿ ಗುಳಿಗೆ ಮಾಡಿಸಿ, ಆರಿದ ಮೇಲೆ ಎನ್‌ಜೈಮ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸವರಿದೆ. ಕಾಳಿನ ಸತ್ವ ಮೀನಿಗೆ ತಾನಾಗಿ ದಕ್ಕುವುದಿಲ್ಲ, ಈ ಪುಡಿ ಬಿಡಿಸಿಕೊಡಬೇಕು. ಹುರಿದ ವಾಸನೆ ಇದಕ್ಕೆ. ಇರಬಹುದು, ನಾನೇನು ಮೊದಲು ನೋಡಿದ್ದೆನೇ?

ಬಲೆಗಾರ ಹೊನ್ನೂರುಸ್ವಾಮಿ ಹೊಂಡಕ್ಕೆ ಬಲೆ ಬೀಸಿದ. ರೋಹು ಮೀನು ಹೋದ ತಿಂಗಳ ಗಾತ್ರದಲ್ಲೇ ಇವೆ. ತಲೆ ದಪ್ಪ, ಮೈ ಸಣಕಲು. ಯಜಮಾನರು ಒಂದನ್ನು ಕೈಯಲ್ಲಿ ತೂಗಿ ನೋಡಿ ಗಿರಣಿಗೆ ನಡೆದರು. ಏನನ್ನುತ್ತಾರೋ ಅಂತ ಭಯ.

ಆಗಸ್ಟ್ 5

ಯಜಮಾನರು ಅಂದೇ ಬಿಟ್ಟರು. "ಮುಂದಿನ ಸೋಮವಾರ ಒಣಮೀನಿನ ಪುಡಿ ಲಾರಿ ಬರ್ತೈತಿ, ಗಂಗಾ. ನಿನ್ನ ಕಾಳು-ಹಿಂಡಿ ಆಟ ಸಾಕು."

ಅತ್ತೆ ತಟ್ಟೆ ಸರಿಸಿದರು. "ಆ ಮಷಿನ್‌ದಾಗ ಒಣಮೀನು ಬಿತ್ತಂದ್ರ ಈ ಗಿರಣಿ ಅಕ್ಕಿ ನಾ ಉಣ್ಣಲ್ಲ. ಬಂಡ್ರಿಗೆ ಮಗಳ ಮನಿಗೆ ಹೋಗ್ತೀನಿ."

ಲಿಂಗ ಕಟ್ಟಿದ ಮನೆ. ಮೀನು ಸಾಕಲು ಅತ್ತೆ ಒಪ್ಪಿದ್ದೇ ಗಿರಣಿಗೆ ಒಣಮೀನು ತರಕೂಡದು ಅನ್ನುವ ಒಂದು ಷರತ್ತಿನ ಮೇಲೆ. ತಾಯಿ-ಮಗ ಇಬ್ಬರೂ ಆಡಿದ್ದು ತಪ್ಪುವವರಲ್ಲ. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ.

ಆಗಸ್ಟ್ 6

ಪುಡಿ ಕಳಿಸಿದವನಿಗೆ ಫೋನ್ ಮಾಡಿ ಕಲಬೆರಕೆ ಅಂತ ಬೈದೆ. ಬಿಸಿ ತಾಗಿತಾ ಮೇಡಂ, ಬಿಸಿಗೆ ಸತ್ತುಹೋಗುತ್ತೆ ಅಂದ. ನಾನೇನು ಹೆಡ್ಡಿಯಾ, ಆರಿದ ಮೇಲೇ ಸವರೋದು ಅಂದು ಕಟ್ ಮಾಡಿದೆ.

ಆಗಸ್ಟ್ 8, ಬೆಳಿಗ್ಗೆ

ಅತ್ತೆ ರವೆ ಹುರಿಯುತ್ತಿದ್ದರು, ಹುಳ ಬೀಳದಿರಲಿ ಅಂತ. ಮಳೆಗಾಲದಲ್ಲಿ ಅವರು ಹುರಿಯದೆ ಏನನ್ನೂ ಡಬ್ಬಿಗೆ ತುಂಬುವುದಿಲ್ಲ. ಬಾಣಲೆಯ ವಾಸನೆ... ನನ್ನ ಪುಡಿಯದೇ ವಾಸನೆ! ಅದನ್ನೂ ಹುರಿದಿರಾ ಅಂತ ಕೇಳಿದೆ.

"ಹೂಂನವ್ವ, ನಿನ್ನ ಹೊಂಡದ ಪುಡಿನೂ ಬಂದ ದಿನಾನೇ ಹುರಿದಿಟ್ಟೀನಿ. ಹುಳ ಬಿದ್ರ ನಿನ್ನ ಕೆಲಸ ಕೆಡ್ತೈತಲ್ಲ."

ಕೂಗಬೇಕೆನಿಸಿತು. ಅಳು ಬಂತು. ಮೀನು ಅಂದರೆ ಸೆರಗು ಮೂಗಿಗೆ ಒಯ್ಯುವವರು ನನಗಾಗಿ ಒಲೆ ಮುಂದೆ ನಿಂತಿದ್ದಾರೆ. ಏನಂತ ಹೇಳಲಿ?

ಆಗಸ್ಟ್ 9

ಹೇಳಿದರೆ ಅತ್ತೆಯ ಮುಖ ಸಣ್ಣದಾಗುತ್ತದೆ. ಹೇಳದಿದ್ದರೆ ಅತ್ತೆಯೇ ಮನೆಯಲ್ಲಿರುವುದಿಲ್ಲ. ಹೇಳಿದೆ, ಅವರಿಗೊಬ್ಬರಿಗೇ. ಬಾಣಲೆ ಬೋರಲು ಹಾಕಿದರು. ಎದ್ದು ಸೀದಾ ಗಿರಣಿಗೆ ಹೋದರು. ಹಮಾಲರ ಎದುರಿಗೇ ಮಗನಿಗೆ ಅಂದರು: "ತಪ್ಪು ಆಕಿದಲ್ಲ ಹಾಲೇಶಾ, ನಂದು. ಪುಡಿ ನಾ ಸುಟ್ಟೀನಿ. ಗಣಪ್ಪ ಕುಂದ್ರೋ ತನಕ ಲಾರಿ ಬ್ಯಾಡ."

ಇವರು ತಲೆ ತಗ್ಗಿಸಿ ಹೂಂ ಅಂದರು. ಅಲ್ಲಿಯವರೆಗೆ ಮಾತ್ರ ಅಂತಲೂ ಅಂದರು.

ಸೆಪ್ಟೆಂಬರ್ 6, ಶುಕ್ರವಾರ

ನಾಳೆ ಹಬ್ಬ. ಬಲೆ ಇವತ್ತೇ.

ಮತ್ತೆ ತರಿಸಿದ ಹೊಸ ಪುಡಿ ಬೀರುವಿನಲ್ಲಿ. ಬೀಗದ ಕೈ ಅತ್ತೆಯೇ ಕೇಳಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ದಿನಾ ಡಬ್ಬಿ ಮುಟ್ಟಿ ನೋಡಿ, ತಣ್ಣಗೈತಿ ಅಂದೇ ನನ್ನ ಕೈಗೆ ಕೊಡುತ್ತಿದ್ದರು. ಇವತ್ತು ಬಾಗಿಲ ಹಿಂದೆ ಅವರ ಬಟ್ಟೆಯ ಗಂಟು ಕಂಡೆ. ಬಂಡ್ರಿಗೆ ಹೋಗಲು ಕಟ್ಟಿಟ್ಟಿದ್ದಾರೆ.

ಹೊಂಡಕ್ಕೆ ಹೋಗಲು ನನಗೆ ಧೈರ್ಯವಿಲ್ಲ. ಕಿಟಕಿಯಲ್ಲಿ ಕೂತು ಗೀಚುತ್ತಿದ್ದೇನೆ. ಎಂದೂ ಅತ್ತ ಹೋಗದ ಅತ್ತೆ ದಂಡೆಯ ಮೇಲೆ ನಿಂತಿದ್ದಾರೆ, ಸೆರಗು ಮೂಗಿಗೆ. ಬಲೆ ಬಿತ್ತು. ಹೊನ್ನೂರುಸ್ವಾಮಿ ಎಳೆಯುತ್ತಿದ್ದಾನೆ... ನಿಂತ. ಇವರನ್ನು ಕರೆದ. ಇವರೂ ಹಿಡಿದರು. ಬರುತ್ತಿಲ್ಲ, ಮೀನಿನ ಭಾರ. ಅತ್ತೆ ಸೆರಗು ಬಿಟ್ಟರು. ನೀರಿಗೆ ಇಳಿದರು. ಎರಡೂ ಕೈ ಬಲೆಗೆ —