ಹಿಗ್ಗಿದ ಟೇಪು

ಮಾರ್ಚ್ ೧೪, ಶನಿವಾರ

ಮುಕ್ಕಾಲು ಇಂಚು. ಬೆಳಗ್ಗೆಯಿಂದ ಅದೇ ತಲೆ ಕೊರೆಯುತ್ತಿದೆ.

ಅಂಗಡಿಯ ಕಪಾಟು ಸರಿಮಾಡಲು ಬಂದ ಬಡಗಿ ನನ್ನ ಹೊಲಿಗೆ ಟೇಪಿನ ಪಕ್ಕ ತನ್ನ ಉಕ್ಕಿನ ಟೇಪನ್ನಿಟ್ಟು ನಕ್ಕ. "ಎಳೆದೂ ಎಳೆದೂ ಹಿಗ್ಗಿಬಿಟ್ಟಿದೆ ಅಕ್ಕಾ. ಮೂವತ್ತಾರು ಇರೋದನ್ನ ಮೂವತ್ತೈದೂಕಾಲು ಅಂತ ತೋರಿಸುತ್ತೆ."

ಅಳತೆ ತೆಗೆಯುವವಳು ನಾನು, ತನ್ನ ಮರದ ಸ್ಕೇಲಿಟ್ಟು ಕತ್ತರಿಸುವವಳು ನಾದಿನಿ. ಅಂಗಿ ಬಿಗಿಯಾಯಿತೆಂದು ಗಿರಾಕಿಗಳು ದೂರಿದಾಗಲೆಲ್ಲ ಅವರೆದುರೇ ಅವಳ ಮಾನ ಹರಾಜು ಹಾಕಿದ್ದೇನೆ. ಆಮೇಲೆ ದೂರು ನಿಂತಿತು. ನನ್ನ ಬೈಗುಳದಿಂದಲೇ ಅವಳ ಕೈ ಸುಧಾರಿಸಿತೆಂದು ಬೀಗಿದ್ದೆ.

ಬಡಗಿ ಹೋದ ಮೇಲೆ ಅವಳು ಕತ್ತರಿಯಿಂದ ಕಣ್ಣೆತ್ತದೆ ಹೇಳಿದಳು: "ನಂಗೆ ಗೊತ್ತಿತ್ತು ಅತ್ತಿಗೆ. ಒಂದು ವರ್ಷದಿಂದ ನೀವು ಬರೆದದ್ದಕ್ಕೆ ಮುಕ್ಕಾಲು ಇಂಚು ಸೇರಿಸಿಯೇ ಕತ್ತರಿಸ್ತಿದ್ದೀನಿ. ಹೇಳಿದ್ರೆ ನಂಬ್ತಿದ್ರಾ?"

ನಾನು ಟೇಪನ್ನು ಸುತ್ತಿ ಡ್ರಾಯರಿಗೆ ಹಾಕಿದೆ. ಅವಳ ಕ್ಷಮೆಯನ್ನು ಇನ್ನೂ ಕೇಳಿಲ್ಲ.

ನಾಳೆ ಚರ್ಚಿನಲ್ಲಿ ಪ್ರಭುಭೋಜನ; ಆ ರೊಟ್ಟಿ, ದ್ರಾಕ್ಷಾರಸ ಮುಟ್ಟುವ ಮೊದಲು ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು. ಪ್ರತಿ ಸಲವೂ ಹಿಂದಿನ ರಾತ್ರಿ ಕುಳಿತು ನನ್ನ ಪಾಪಗಳನ್ನು ಹುಡುಕುತ್ತೇನೆ. ಅಂಥದ್ದೇನೂ ಸಿಗದೆ ನೆಮ್ಮದಿಯಾಗಿ ಮಲಗುತ್ತೇನೆ. ಪಾಪವೆಂದರೆ ಅಲ್ಲೊಂದು ಇಲ್ಲೊಂದು ತಪ್ಪು ಎಂದುಕೊಂಡಿದ್ದೆ. ಅಳೆಯುವ ಮನಸ್ಸೇ ಹಿಗ್ಗಿಹೋಗಿದ್ದರೆ ನನ್ನನ್ನು ನಾನು ಯಾವುದರಿಂದ ತಿದ್ದಿಕೊಳ್ಳಲಿ?

ಈಗಷ್ಟೇ ಮೊಣಕಾಲೂರಿದ್ದೆ. "ಕರ್ತನೇ, ಅವಳಿಗೆ ನಾನು ಮಾಡಿದ್ದನ್ನು ಕ್ಷಮಿಸು" ಎನ್ನುವಷ್ಟರಲ್ಲೇ ಒಳಗಿನಿಂದ ಬಂತು: ಅವಳಾದರೂ ಮೊದಲೇ ಹೇಳಬಹುದಿತ್ತು.

ಪ್ರಾರ್ಥನೆಯಲ್ಲೂ ಅವಳದೇ ತಪ್ಪು! ಕರ್ತನೇ, ಇದು ನನ್ನ ಕೈಯಲ್ಲಾಗುವ ಕೆಲಸವಲ್ಲ. ನೀನೇ ನನ್ನನ್ನು ತಿದ್ದು.